ಲೇಖನವನ್ನು ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ. ಬೂಟ್ ಆಗುವಾಗ ಲಿನಕ್ಸ್ ಬೋರ್ಡಿನ (ಒಂದೇ ಹಲಗೆಯ ಪುಟ್ಟ ಕಂಪ್ಯೂಟರಿನ) ಗಡಿಯಾರ ತಪ್ಪಿದರೆ ಏನು ಮಾಡಬೇಕು ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ, ನೀವೇ ಅದನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲ ಮೂರು ಪುಟ ಬರೀ ಕಾಲದ ಮಹಿಮೆ, ಮರಳಿನ ಗಡಿಯಾರ, ಯುನಿಕ್ಸ್ ಹುಟ್ಟಿದ ಕಥೆ. ಓದುವವರ ಬೋರ್ಡು ಆಗಲೇ ಕೈಕೊಟ್ಟಿರುತ್ತದೆ, ಅವರಿಗೆ ಇದೆಲ್ಲ ಯಾಕೆ? ಕರೆಂಟ್ ಹೋಗಿ ಬಂದ ಮೇಲೆ ಬೋರ್ಡು, ಲಿನಕ್ಸ್ ಕಾಲ ಎಣಿಸಲು ಶುರುಮಾಡುವ 1970ರ ಜನವರಿ 1ಕ್ಕೆ ಎದ್ದು ಕೂತು, ಸರ್ವರ್‌ನ ಸರ್ಟಿಫಿಕೇಟ್ (ಅದರ ಗುರುತಿನ ಪತ್ರ) ನೋಡಿ ‘ಇದು ಇನ್ನೂ ಜಾರಿಗೇ ಬಂದಿಲ್ಲ’ ಅಂತ ಸಂಪರ್ಕ ಕಡಿದುಕೊಳ್ಳುವ ಆ ಲಾಗ್ (ಬೋರ್ಡು ಬರೆದಿಟ್ಟ ದಾಖಲೆ) ಇದೆಯಲ್ಲ, ಅಲ್ಲಿಂದ ಶುರು ಮಾಡಿ.

ಅಲ್ಲೇ ನನಗೊಂದು ಅನುಮಾನ. ಮುಂದಿನ ಪುಟದಲ್ಲಿ ನೀವು, ಲಿನಕ್ಸ್ ಎದ್ದಾಗ ಉಳಿದ ಸರ್ವಿಸ್‌ಗಳನ್ನೆಲ್ಲ ಶುರು ಮಾಡುವ ಸಿಸ್ಟಮ್‌ಡಿ ಕಮಾಂಡ್‌ಗಳನ್ನು ಕೊಟ್ಟಿದ್ದೀರಿ. ಗಡಿಯಾರ ತೀರಾ ಹಿಂದೆ ಇದ್ದರೆ ಸಿಸ್ಟಮ್‌ಡಿ ಸುಮ್ನೆ ಬಿಡುವುದಿಲ್ಲ, ಶುರುವಿನಲ್ಲೇ ತನ್ನೊಳಗೆ ಗುರುತಿಟ್ಟುಕೊಂಡ ದಿನಾಂಕದವರೆಗಾದರೂ ಮುಂದಕ್ಕೆ ಎಳೆಯುತ್ತದೆ. ಹಾಗಾದರೆ 1970 ಎಲ್ಲಿಂದ ಬಂತು? ಆ ಲಾಗ್ ಬೇರೆ ಬೋರ್ಡಿನದ್ದಾ?

ರಾಸ್ಪ್‌ಬೆರಿ ಪೈ ಯಾವುದರಲ್ಲೂ ಆರ್‌ಟಿಸಿ (ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುವ ಗಡಿಯಾರ) ಇಲ್ಲ ಅಂದಿದ್ದೀರಿ. ಪೈ 4ರವರೆಗೆ ಸರಿ. ಪೈ 5ರಲ್ಲಿ ಇದೆ, ಬ್ಯಾಟರಿ ಮಾತ್ರ ಬೇರೆ ಹಾಕಬೇಕು. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಹಾಕಿದರೆ ಸಾಕು ಅನ್ನುವುದೂ ಅರ್ಧ ಸತ್ಯ. ಅದು ಕೊನೆಯ ಸಮಯವನ್ನು ಫೈಲಿನಲ್ಲಿ ಬರೆದಿಟ್ಟು ಬೂಟ್ ಆದಾಗ ವಾಪಸ್ ಕೊಡುತ್ತದೆ, ಅಷ್ಟೇ. ಆರು ತಿಂಗಳು ಡಬ್ಬದಲ್ಲಿದ್ದ ಬೋರ್ಡು ಆರು ತಿಂಗಳ ಹಿಂದಿನ ದಿನದಲ್ಲೇ ಏಳುತ್ತದೆ.

ದೊಡ್ಡ ತಪ್ಪು ಮುಂದಿದೆ. ನಿಮ್ಮ ಸರ್ವಿಸ್ ಟೈಮ್-ಸಿಂಕ್ ಟಾರ್ಗೆಟ್ (ಸಮಯ ಸರಿಯಾಯಿತು ಅನ್ನುವ ಸಿಸ್ಟಮ್‌ಡಿಯ ಮೈಲಿಗಲ್ಲು) ಆದ ಮೇಲೆ ಶುರುವಾಗಲಿ ಅಂತ ಬರೆದು ಕೈ ತೊಳೆದುಕೊಂಡಿದ್ದೀರಿ. ಆ ಟಾರ್ಗೆಟ್ ತಾನಾಗಿ ಯಾವುದಕ್ಕೂ ಕಾಯುವುದಿಲ್ಲ. ನೆಟ್‌ವರ್ಕಿನಿಂದ ಸಮಯ ತರಲು ಟೈಮ್‌ಸಿಂಕ್‌ಡಿ ಬಳಸುವವರು ಸಿಸ್ಟಮ್‌ಡಿ-ಟೈಮ್-ವೇಟ್-ಸಿಂಕ್ ಸರ್ವಿಸನ್ನೂ ಆನ್ ಮಾಡಬೇಕು, ಕ್ರೋನಿ ಆದರೆ ಕ್ರೋನಿ-ವೇಟ್. ನೆಟ್‌ವರ್ಕ್ ಬರಲೇ ಇಲ್ಲ ಅಂದರೆ? ಅದಕ್ಕೂ ಉತ್ತರ ಬರೆಯಿರಿ. ಸಮಯ ಕೊಡುವ ಎನ್‌ಟಿಪಿ ಸರ್ವರ್ ಹೆಸರು ಹುಡುಕಲು ಡಿಎನ್ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಬೇಕು, ಆ ಉತ್ತರ ಅಸಲಿ ಅಂತ ಹೇಳುವ ಡಿಎನ್ಎಸ್‌ಸೆಕ್ ಸಹಿ ಪರೀಕ್ಷಿಸಲು ಸರಿಯಾದ ಸಮಯ ಬೇಕು. ಬೀಜ ಮೊದಲೋ ಮರ ಮೊದಲೋ ಅನ್ನುವ ಈ ಪೇಚನ್ನು ನೀವು ಮುಟ್ಟಿಯೇ ಇಲ್ಲ.

ಹಿಂದೆ ಮುಂದೆ ಜಿಗಿಯದೆ ಒಂದೇ ಸಮ ಮುಂದಕ್ಕೆ ಓಡುವ ಮೊನೋಟೋನಿಕ್ ಕ್ಲಾಕ್‌ಗೆ ಒಂದೇ ಸಾಲು ಯಾಕೆ? ಹತ್ತು ಸೆಕೆಂಡ್ ಕಾಯಲಿ ಅಂತ ಗೋಡೆ ಗಡಿಯಾರ (ಸಿಸ್ಟಮ್ಮಿನ ಮಾಮೂಲಿ ದಿನಾಂಕ-ಸಮಯ) ನೋಡಿ ಬರೆದ ಕೋಡ್, ಎನ್‌ಟಿಪಿ ಸಮಯ ಸರಿಮಾಡಿದ ಕೂಡಲೇ ಐವತ್ತು ವರ್ಷ ಕಳೆದುಹೋಯಿತು ಅಂದುಕೊಂಡು ಅಲ್ಲೇ ಟೈಮ್‌ಔಟ್ ಆಗುತ್ತದೆ. ಪ್ರೋಗ್ರಾಮ್ ಬರೆಯುವವರಿಗೆ ಜಾಸ್ತಿ ಬೇಕಾಗಿರುವುದು ಇದೇ ಅಲ್ವಾ? ಒಂದು ಇಡೀ ಪ್ಯಾರಾ ಕೊಡಿ. 32 ಬಿಟ್‌ನ ಸಮಯದ ಎಣಿಕೆ ತುಂಬಿಹೋಗುವ 2038ರ ಕಥೆ ಬೇರೆ ಲೇಖನಕ್ಕೆ ಇರಲಿ, ಇಲ್ಲಿಂದ ತೆಗೆಯಿರಿ.

ಸಾವಿರ ಪದದೊಳಗೆ ಮತ್ತೆ ಬರೆದು ಕಳಿಸಿ. ಆ ಲಾಗ್ ಯಾವ ಬೋರ್ಡಿನದು ಅಂತ ಮಾತ್ರ ಈಗಲೇ ತಿಳಿಸಿಬಿಡಿ.