ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪ್ಲೇಆಫ್ ದೊಡ್ಡದಾದ ಮೇಲೆ ಕಾನ್ಫರೆನ್ಸ್ ಫೈನಲ್‌ಗೆ ಬೆಲೆ ಉಳಿದಿದೆಯೇ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಆಡುತ್ತವೆ. ಡಿಸೆಂಬರ್ ಆರಂಭದಲ್ಲಿ ಹೆಚ್ಚಿನ ಗುಂಪುಗಳಲ್ಲಿ ಮೊದಲ ಎರಡು ತಂಡಗಳ ನಡುವೆ ಫೈನಲ್. ಅದಾದ ಮೇಲೆ ರಾಷ್ಟ್ರೀಯ ಪ್ಲೇಆಫ್. 2014ರಿಂದ 2023ರವರೆಗೆ ಪ್ಲೇಆಫ್‌ನಲ್ಲಿ ನಾಲ್ಕೇ ತಂಡಗಳಿದ್ದವು, 2024ರಿಂದ ಹನ್ನೆರಡು. ಈ ಬದಲಾವಣೆಯ ಬಗ್ಗೆ ಅಲ್ಲಿರುವ ಕನ್ನಡಿಗರಿಂದಲೂ ಇಲ್ಲಿ ನಿದ್ದೆಗೆಟ್ಟು ಆಟ ನೋಡುವವರಿಂದಲೂ ಬಂದ ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರ: ಕಾನ್ಫರೆನ್ಸ್ ಫೈನಲ್‌ನಲ್ಲಿ ಸೋತವರೂ ಪ್ಲೇಆಫ್‌ಗೆ ಹೋಗುತ್ತಾರೆ. ಹಾಗಿದ್ದ ಮೇಲೆ ಆ ಪಂದ್ಯ ಯಾಕೆ ಬೇಕು? (ಓದುಗರು, ಡಲ್ಲಾಸ್)

ಉ: ಎಲ್ಲ ಫೈನಲ್‌ಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. 2024 ಮತ್ತು 2025ರಲ್ಲಿ ಹನ್ನೆರಡು ಸ್ಥಾನಗಳಲ್ಲಿ ಐದು ಮೀಸಲಿದ್ದದ್ದು, ರ‍್ಯಾಂಕಿಂಗ್‌ನಲ್ಲಿ ಅತಿ ಮೇಲಿರುವ ಐವರು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ. ಉಳಿದ ಏಳು ಯಾರಿಗಾದರೂ ಸಿಗಬಹುದು, ಅದನ್ನು ನಿರ್ಧರಿಸುವುದು 13 ಸದಸ್ಯರ ಆಯ್ಕೆ ಸಮಿತಿ. ಆದ್ದರಿಂದ ಫೈನಲ್‌ಗೆ ಮೊದಲೇ ಮೇಲಿನ ನಾಲ್ಕೈದು ಸ್ಥಾನಗಳಲ್ಲಿರುವ ತಂಡಕ್ಕೆ ಸೋಲಿನಿಂದ ಆಗುವ ನಷ್ಟ ಅಲ್ಪ.

2025ರ ಬಿಗ್ ಟೆನ್ ಎಂಬ ಕಾನ್ಫರೆನ್ಸ್‌ನ ಫೈನಲ್ ನೋಡಿ. ಒಂದನೇ ರ‍್ಯಾಂಕಿನ ಓಹಾಯೊ ಸ್ಟೇಟ್, ಎರಡನೇ ರ‍್ಯಾಂಕಿನ ಇಂಡಿಯಾನಾ, ಎರಡೂ ಆವರೆಗೆ ಸೋಲು ಕಾಣದ ತಂಡಗಳು. ಪಂದ್ಯ ಮುಗಿಯಲು ಮೂರು ನಿಮಿಷವೂ ಉಳಿದಿಲ್ಲದಾಗ ಓಹಾಯೊ ಸ್ಟೇಟ್ 27 ಗಜದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದರೆ ಸಿಗುವ ಮೂರು ಅಂಕ) ತಪ್ಪಿಸಿಕೊಂಡಿತು. ಅದು ಬಿದ್ದಿದ್ದರೆ ಸಮಬಲ. ಇಂಡಿಯಾನಾ 13-10ರಿಂದ ಗೆದ್ದಿತು. ಫಲಿತಾಂಶದಿಂದ ಆದದ್ದೇನು? ಒಂದು ಮತ್ತು ಎರಡು ಅದಲು ಬದಲಾದವು, ಅಷ್ಟೇ. ಇಬ್ಬರಿಗೂ ಬೈ, ಅಂದರೆ ಮೊದಲ ಸುತ್ತು ಆಡದೆ ನೇರ ಕ್ವಾರ್ಟರ್‌ಫೈನಲ್ ಪ್ರವೇಶ, ಸಿಕ್ಕಿತು.

ಇದಕ್ಕೆ ತದ್ವಿರುದ್ಧ 2024ರ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಫೈನಲ್. ಕ್ಲೆಮ್ಸನ್ 17ನೇ ರ‍್ಯಾಂಕಿನಲ್ಲಿತ್ತು. ಸೋತರೆ ಮನೆಗೆ, ಗೆದ್ದರೆ ಪ್ಲೇಆಫ್‌ಗೆ. ಹದಿನೇಳು ಅಂಕಗಳ ಮುನ್ನಡೆ ಕರಗಿ, 16 ಸೆಕೆಂಡ್ ಉಳಿದಿರುವಾಗ ಎದುರಾಳಿ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) 31-31 ಮಾಡಿತು. ಆಮೇಲೆ ಕ್ಲೆಮ್ಸನ್ ಕಿಕ್‌ಆಫ್ ಹಿಡಿದು 41 ಗಜ ಓಡಿತು, 17 ಗಜದ ಒಂದು ಪಾಸ್ ಹಿಡಿಯಿತು, ಸಮಯ ಮುಗಿಯುತ್ತಿದ್ದಂತೆ 56 ಗಜದಿಂದ ಫೀಲ್ಡ್ ಗೋಲ್ ಹೊಡೆಯಿತು. ಆ ಒದೆತ ಅಡ್ಡಾದಿಡ್ಡಿ ಹೋಗಿ ಓವರ್‌ಟೈಮ್‌ನಲ್ಲಿ ಸೋತಿದ್ದರೆ ಕ್ಲೆಮ್ಸನ್‌ನ ಪ್ಲೇಆಫ್ ಆಸೆ ಅಲ್ಲೇ ಮುಗಿಯುತ್ತಿತ್ತು. ಈ ಫೈನಲ್‌ಗಳಿಗೆ ಬೆಲೆ ಹೋಗಿದೆ ಎನ್ನುವವರು ಸಾಮಾನ್ಯವಾಗಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಮತ್ತು ಬಿಗ್ ಟೆನ್ ಎರಡನ್ನೇ ಕಣ್ಣೆದುರು ಇಟ್ಟುಕೊಂಡಿರುತ್ತಾರೆ. ಎಸಿಸಿ, ಬಿಗ್ 12 ಮತ್ತು ಸಣ್ಣ ಕಾನ್ಫರೆನ್ಸ್‌ಗಳ ಮಟ್ಟಿಗೆ ಬೆಲೆ ಹೆಚ್ಚಿದೆ. ನಾಲ್ಕೇ ತಂಡಗಳಿದ್ದ ಕಾಲದಲ್ಲಿ, 2023ರಲ್ಲಿ, 13-0 (13 ಗೆಲುವು, ಸೋಲಿಲ್ಲ) ದಾಖಲೆಯಿದ್ದ ಎಸಿಸಿ ಚಾಂಪಿಯನ್ ಫ್ಲಾರಿಡಾ ಸ್ಟೇಟ್‌ಗೇ ಜಾಗ ಸಿಗಲಿಲ್ಲ ಎಂಬುದನ್ನು ಮರೆಯಬಾರದು.

ಪ್ರ: ನಮ್ಮ ತಂಡ ಫೈನಲ್ ಆಡುವ ಮೊದಲೇ, ಗೆಲುವು ಎಷ್ಟು ಅಗತ್ಯ ಎಂದು ಲೆಕ್ಕ ಹಾಕುವುದು ಹೇಗೆ? (ವಿದ್ಯಾರ್ಥಿ, ಅಟ್ಲಾಂಟಾ)

ಉ: ಫೈನಲ್‌ಗೆ ಮುಂಚಿನ ಮಂಗಳವಾರ ಸಮಿತಿ ಬಿಡುವ ರ‍್ಯಾಂಕಿಂಗನ್ನು ಎದುರಿಗಿಟ್ಟುಕೊಳ್ಳಿ. ಗೆಲ್ಲಬಹುದಾದ ಚಾಂಪಿಯನ್‌ಗಳನ್ನು ಗುರುತು ಮಾಡಿ. ಜಾಗ ಖಾತ್ರಿಯಿರುವ ಐವರು ಚಾಂಪಿಯನ್‌ಗಳಲ್ಲಿ ಎಷ್ಟು ಮಂದಿ ಹನ್ನೆರಡರಿಂದ ಕೆಳಗಿದ್ದಾರೆ ಎಂದು ಎಣಿಸಿ. ಅಷ್ಟನ್ನು ಹನ್ನೆರಡರಿಂದ ಕಳೆದರೆ ಬರುವುದೇ ನಿಜವಾದ ಗೆರೆ. 2025ರಲ್ಲಿ ಟುಲೇನ್ 20ನೇ, ಜೇಮ್ಸ್ ಮ್ಯಾಡಿಸನ್ 24ನೇ ರ‍್ಯಾಂಕಿನಿಂದ ಚಾಂಪಿಯನ್ ಆಗಿ ಒಳಬಂದವು. 12ರಲ್ಲಿ 2 ಹೋದರೆ 10. ಹತ್ತನೆಯ ಮಯಾಮಿ ಒಳಗೆ, ಹನ್ನೊಂದನೆಯ ನೋಟರ್‌ಡೇಮ್ ಹೊರಗೆ.

2024ರಲ್ಲಿ 16ನೇ ಕ್ಲೆಮ್ಸನ್ ಒಂದೇ ಕೆಳಗಿನಿಂದ ಬಂದದ್ದು, ಆದ್ದರಿಂದ ಗೆರೆ 11ಕ್ಕೆ ಬೀಳಬೇಕಿತ್ತು. ಆದರೆ ಹನ್ನೆರಡನೆಯ ಅರಿಜೋನಾ ಸ್ಟೇಟ್ ಸ್ವತಃ ಚಾಂಪಿಯನ್. ಅದರ ಜಾಗ ಖಾತ್ರಿಯಾಗಿದ್ದರಿಂದ ಹನ್ನೊಂದನೆಯ ಅಲಬಾಮಾ ಹೊರಬಿತ್ತು, ಹತ್ತನೆಯ ಎಸ್‌ಎಂಯು ಉಳಿಯಿತು. ಅನೇಕರು ತಪ್ಪುವುದು ಇಲ್ಲೇ: ಗೆರೆಯ ಆಸುಪಾಸಿನಲ್ಲಿ ಚಾಂಪಿಯನ್ ಇದ್ದರೆ ಇನ್ನೊಂದು ಸ್ಥಾನ ಕಡಿಮೆ ಮಾಡಿಕೊಳ್ಳಬೇಕು. ಎರಡೂ ವರ್ಷ ಚಾಂಪಿಯನ್ ಅಲ್ಲದೆ ಒಳಹೋದ ಕೊನೆಯ ತಂಡ ಹತ್ತನೇ ರ‍್ಯಾಂಕಿನದ್ದೇ. ನಿಮ್ಮ ತಂಡ ಎಂಟರಿಂದ ಹನ್ನೊಂದರ ನಡುವೆ ಇದ್ದರೆ ಫೈನಲ್ ಅತ್ಯಂತ ಅಪಾಯದ ಪಂದ್ಯ. ಹನ್ನೆರಡಕ್ಕಿಂತ ಕೆಳಗಿದ್ದರೆ ಗೆಲುವೊಂದೇ ದಾರಿ.

ಪ್ರ: 2025ರಲ್ಲಿ ಫೈನಲ್ ಸೋತ ಅಲಬಾಮಾ ಒಳಗೆ, ಫೈನಲ್ ಸೋತ ಬಿವೈಯು (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ) ಹೊರಗೆ. ಇದು ಯಾವ ನ್ಯಾಯ? (ಓದುಗರು, ಮೈಸೂರು)

ಉ: ಈ ವಿಷಯದಲ್ಲಿ ಸಮಿತಿಯ ನಡೆಯನ್ನು ಸಮರ್ಥಿಸುವುದು ಕಷ್ಟ. ಎಸ್‌ಇಸಿ ಫೈನಲ್‌ಗೆ ಅಲಬಾಮಾ ಒಂಬತ್ತನೇ ರ‍್ಯಾಂಕಿನಿಂದ ಬಂದು ಜಾರ್ಜಿಯಾ ಕೈಲಿ 28-7ರಿಂದ ಸೋತಿತು, ಒಂಬತ್ತರಲ್ಲೇ ಉಳಿಯಿತು. ಬಿಗ್ 12 ಫೈನಲ್‌ಗೆ ಬಿವೈಯು ಹನ್ನೊಂದರಿಂದ ಬಂದು ಟೆಕ್ಸಸ್ ಟೆಕ್ ಕೈಲಿ 34-7ರಿಂದ ಸೋತು ಹನ್ನೆರಡಕ್ಕೆ ಇಳಿಯಿತು. ಅಲಬಾಮಾಗೆ ಅದು ಮೂರನೇ ಸೋಲು, ಬಿವೈಯುಗೆ ಎರಡನೆಯದು. ಆ ಎರಡೂ ಸೋಲು ಒಂದೇ ತಂಡದ ಎದುರು. ಅಲಬಾಮಾ ಪರ ಒಂದು ಗಟ್ಟಿ ವಾದ ಇದೆ: ಸೆಪ್ಟೆಂಬರ್‌ನಲ್ಲಿ ಅದು ಜಾರ್ಜಿಯಾವನ್ನು ಅದರದೇ ಮೈದಾನದಲ್ಲಿ 24-21ರಿಂದ ಮಣಿಸಿತ್ತು. ಬಿವೈಯು ಎರಡು ಸಲ ಆಡಿ ಎರಡು ಸಲವೂ ಏಟು ತಿಂದಿತ್ತು. ಆದರೂ, ಒಬ್ಬರ ಸೋಲನ್ನು ಲೆಕ್ಕಕ್ಕೇ ಹಿಡಿಯದೆ ಇನ್ನೊಬ್ಬರನ್ನು ಕೆಳಗಿಳಿಸಿದ್ದು ಎರಡು ಅಳತೆಗೋಲು ಬಳಸಿದಂತಾಯಿತು.

ಬಿವೈಯು ಜಾರಿದ ಆ ಒಂದು ಮೆಟ್ಟಿಲಿನಿಂದ ಮತ್ತೊಬ್ಬರ ಹಣೆಬರಹವೂ ಬದಲಾಯಿತು. ಮಂಗಳವಾರದ ಪಟ್ಟಿಯಲ್ಲಿ ನೋಟರ್‌ಡೇಮ್ 10, ಬಿವೈಯು 11, ಮಯಾಮಿ 12. ಮಧ್ಯದ ತಂಡ ಸರಿದದ್ದೇ ನೋಟರ್‌ಡೇಮ್ ಮತ್ತು ಮಯಾಮಿ ಅಕ್ಕಪಕ್ಕ ಬಂದವು. ಅಕ್ಕಪಕ್ಕದ ತಂಡಗಳನ್ನು ಹೋಲಿಸುವಾಗ ಅವು ಪರಸ್ಪರ ಆಡಿದ ಪಂದ್ಯವನ್ನು ಸಮಿತಿ ನೋಡುತ್ತದೆ. ಆಗಸ್ಟ್ 31ರಂದು ಮಯಾಮಿ 27-24ರಿಂದ ಗೆದ್ದಿತ್ತು. ಹಾಗಾಗಿ ಆ ವಾರ ಮೈದಾನಕ್ಕೇ ಇಳಿಯದ ಎರಡು ತಂಡಗಳ ಜಾಗ ಅದಲು ಬದಲಾಯಿತು. ನೋಟರ್‌ಡೇಮ್ ಎಷ್ಟು ನೊಂದಿತೆಂದರೆ ಪ್ಲೇಆಫ್ ಸೇರದ ತಂಡಗಳಿಗೆ ಸಿಗುವ ಬೌಲ್ ಪಂದ್ಯವನ್ನೇ ಬೇಡವೆಂದಿತು. ಒಳಬಂದ ಮಯಾಮಿ ಟೆಕ್ಸಸ್ ಎ ಅಂಡ್ ಎಂ, ಓಹಾಯೊ ಸ್ಟೇಟ್, ಓಲ್ ಮಿಸ್ ಮೂವರನ್ನೂ ಸೋಲಿಸಿ ಅಂತಿಮ ಪಂದ್ಯದವರೆಗೆ ಹೋಗಿ, ಇಂಡಿಯಾನಾ ಎದುರು 27-21ರಿಂದ ಸೋತಿತು.

ನಮ್ಮ ಅಭಿಪ್ರಾಯ ಇಷ್ಟು: ಫೈನಲ್ ಆಡಿ ಸೋತ ತಂಡವನ್ನು, ಆ ದಿನ ಆಡದೆ ಕುಳಿತ ತಂಡಕ್ಕಿಂತ ಕೆಳಗೆ ಇಳಿಸಕೂಡದು. ಇದನ್ನು ಲಿಖಿತ ನಿಯಮ ಮಾಡಬೇಕು. ಇಲ್ಲದಿದ್ದರೆ ಗೆರೆಯ ಹತ್ತಿರದ ತಂಡಗಳಿಗೆ ಫೈನಲ್‌ಗೆ ಅರ್ಹತೆ ಪಡೆಯದಿರುವುದೇ ಲಾಭ ಎಂದಾಗುತ್ತದೆ.

ಪ್ರ: ಫೈನಲ್ ಗೆದ್ದು ಬೈ ಪಡೆದರೆ ನಿಜಕ್ಕೂ ಲಾಭವೇ? (ಓದುಗರು, ಕೊಲಂಬಸ್)

ಉ: ಲೆಕ್ಕದಲ್ಲಿ ಲಾಭವೇ. ಪ್ರಶಸ್ತಿಗೆ ನಾಲ್ಕರ ಬದಲು ಮೂರು ಗೆಲುವು ಸಾಕು. ಮೈದಾನದಲ್ಲಿ ಮಾತ್ರ ಬೇರೆಯೇ ಆಗಿದೆ. ಎರಡು ವರ್ಷದಲ್ಲಿ ಬೈ ಪಡೆದ ಎಂಟು ತಂಡಗಳಲ್ಲಿ ಕ್ವಾರ್ಟರ್‌ಫೈನಲ್ ಗೆದ್ದದ್ದು ಇಂಡಿಯಾನಾ ಒಂದೇ.

2024ರ ವೈಫಲ್ಯಕ್ಕೆ ಮುಖ್ಯ ಕಾರಣ ಆಗಿನ ನಿಯಮ. ಬೈ ಚಾಂಪಿಯನ್‌ಗಳಿಗೇ ಮೀಸಲಾಗಿತ್ತು. ಒಂಬತ್ತನೇ ರ‍್ಯಾಂಕಿನ ಬಾಯ್ಸಿ ಸ್ಟೇಟ್ ಮೂರನೇ ಸೀಡ್ (ಪ್ಲೇಆಫ್‌ನೊಳಗಿನ ಕ್ರಮಾಂಕ), ಹನ್ನೆರಡನೆಯ ಅರಿಜೋನಾ ಸ್ಟೇಟ್ ನಾಲ್ಕನೇ ಸೀಡ್ ಆದವು. ಪರಿಣಾಮವಾಗಿ ಬಿಗ್ ಟೆನ್ ಫೈನಲ್ ಸೋತ ಪೆನ್ ಸ್ಟೇಟ್‌ಗೆ ಎಸ್‌ಎಂಯು, ಬಾಯ್ಸಿ ಸ್ಟೇಟ್ ಎದುರಾಳಿಗಳು. ಅದೇ ಬಿಗ್ ಟೆನ್ ಫೈನಲ್ ಗೆದ್ದ ಆರಿಗನ್‌ಗೆ ಎದುರಾದದ್ದು ಓಹಾಯೊ ಸ್ಟೇಟ್, ಸೋಲು 41-21. ಎಸ್‌ಇಸಿ ಫೈನಲ್ ಸೋತ ಟೆಕ್ಸಸ್ ಕೂಡ ಸೆಮಿಫೈನಲ್ ಸೇರಿತು, ಗೆದ್ದ ಜಾರ್ಜಿಯಾ ಸೇರಲಿಲ್ಲ. ಸೋತವರಿಗೇ ಸಲೀಸು ದಾರಿ ಸಿಕ್ಕಿದ್ದರಿಂದ 2025ಕ್ಕೆ ನಿಯಮ ಬದಲಿಸಿ, ರ‍್ಯಾಂಕಿಂಗ್‌ನ ಮೊದಲ ನಾಲ್ವರಿಗೇ ಬೈ ಎಂದರು.

ಇನ್ನೊಂದು ಕಾರಣ ಬಿಡುವು. 2025ರಲ್ಲಿ ಫೈನಲ್ ಡಿಸೆಂಬರ್ 6ಕ್ಕೆ, ಕ್ವಾರ್ಟರ್‌ಫೈನಲ್ ಡಿಸೆಂಬರ್ 31 ಮತ್ತು ಜನವರಿ 1ಕ್ಕೆ. ಮೂರೂವರೆ ವಾರ ಪಂದ್ಯವೇ ಇಲ್ಲದ ಓಹಾಯೊ ಸ್ಟೇಟ್, ಹನ್ನೊಂದು ದಿನದ ಹಿಂದಷ್ಟೇ ಆಡಿ ಬಂದ ಮಯಾಮಿಯನ್ನು ಎದುರಿಸಿ 24-14ರಿಂದ ಸೋತಿತು.

ಗಾಯದ ಭಯವೂ ಇದೆ. 2024ರ ಎಸ್‌ಇಸಿ ಫೈನಲ್‌ನಲ್ಲಿ ಮೊದಲಾರ್ಧದ ಕೊನೆಗೆ ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಆಟಗಾರ) ಕಾರ್ಸನ್ ಬೆಕ್ ಅವರ ಮೊಣಕೈಗೆ ಪೆಟ್ಟಾಯಿತು. ತಂಡ ಟೆಕ್ಸಸ್ ಎದುರು 22-19ರಿಂದ ಕಪ್ ಗೆದ್ದರೂ ಪ್ಲೇಆಫ್‌ಗೆ ಅವರಿಲ್ಲದೆ ಇಳಿದು ನೋಟರ್‌ಡೇಮ್ ಎದುರು 23-10ರಿಂದ ಸೋತಿತು. ಆ ವರ್ಷ ಅಂತಿಮ ಪಂದ್ಯ ಆಡಿದ ಇಬ್ಬರೂ ಡಿಸೆಂಬರ್ ಫೈನಲ್ ಆಡಿದವರಲ್ಲ: ಓಹಾಯೊ ಸ್ಟೇಟ್ ಮಿಶಿಗನ್‌ಗೆ ಸೋತು ಅರ್ಹತೆ ಕಳೆದುಕೊಂಡಿತ್ತು, ನೋಟರ್‌ಡೇಮ್‌ಗೆ ಕಾನ್ಫರೆನ್ಸೇ ಇಲ್ಲ.

ಪ್ರ: ಎಸಿಸಿ ಚಾಂಪಿಯನ್ ಡ್ಯೂಕ್‌ಗೆ 2025ರಲ್ಲಿ ಜಾಗ ಸಿಗಲಿಲ್ಲವೇಕೆ? (ಓದುಗರು, ಶಾರ್ಲಟ್)

ಉ: ಆಗ ಐದು ಸ್ಥಾನ ಮೀಸಲಿದ್ದದ್ದು ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಐವರಿಗೆ, ದೊಡ್ಡ ಕಾನ್ಫರೆನ್ಸ್‌ಗಳಿಗೆ ಎಂದಿರಲಿಲ್ಲ. ಎಸಿಸಿಯಲ್ಲಿ ಎರಡನೇ ಸ್ಥಾನಕ್ಕೆ ಐದು ತಂಡಗಳು 6-2ರಲ್ಲಿ ಸಮನಾಗಿದ್ದವು. ಹದಿನೇಳು ತಂಡಗಳ ಗುಂಪು, ಎಂಟೇ ಪಂದ್ಯ, ಎಲ್ಲರೂ ಎಲ್ಲರೊಂದಿಗೆ ಆಡಿರುವುದಿಲ್ಲ. ಕೊನೆಗೆ, ಎದುರಿಸಿದ ತಂಡಗಳ ಗೆಲುವಿನ ಪ್ರಮಾಣ ನೋಡಿ ಒಟ್ಟಾರೆ 7-5 ದಾಖಲೆಯ ಡ್ಯೂಕನ್ನು ಫೈನಲ್‌ಗೆ ಕಳಿಸಲಾಯಿತು. ಗುಂಪಿನ ಪ್ರಬಲ ತಂಡ ಮಯಾಮಿ ಮನೆಯಲ್ಲೇ ಉಳಿಯಿತು. ಡ್ಯೂಕ್ ಓವರ್‌ಟೈಮ್‌ನಲ್ಲಿ ವರ್ಜೀನಿಯಾವನ್ನು 27-20ರಿಂದ ಸೋಲಿಸಿ 8-5 ಆಯಿತು. ಅಷ್ಟರಿಂದ ಜೇಮ್ಸ್ ಮ್ಯಾಡಿಸನ್‌ನನ್ನು ಹಿಂದಿಕ್ಕಲಾಗಲಿಲ್ಲ. ಇಲ್ಲಿ ಕೆಟ್ಟದ್ದು ಟೈಬ್ರೇಕರ್, ಅಂದರೆ ಸಮನಾದ ತಂಡಗಳಲ್ಲಿ ಒಂದನ್ನು ಆರಿಸುವ ನಿಯಮ. ಅದನ್ನು ಸರಿಪಡಿಸದ ಕಾನ್ಫರೆನ್ಸ್‌ಗೆ ಫೈನಲ್‌ನಿಂದ ನಷ್ಟವೇ ಹೆಚ್ಚು.

ಪ್ರ: ಇದು ಐಪಿಎಲ್‌ನ ಕ್ವಾಲಿಫೈಯರ್ 1 ಇದ್ದಂತೆ ಎನ್ನಬಹುದೇ? (ಓದುಗರು, ದಾವಣಗೆರೆ)

ಉ: ಬಿಗ್ ಟೆನ್ ಮತ್ತು ಎಸ್‌ಇಸಿ ಮಟ್ಟಿಗೆ ಹೌದು, ಸೋತರೂ ಇನ್ನೊಂದು ಅವಕಾಶ. ಆದರೆ ಐಪಿಎಲ್‌ನಲ್ಲಿ ಆ ಎರಡನೇ ಅವಕಾಶ ನಿಯಮದಲ್ಲೇ ಬರೆದಿದೆ. ಇಲ್ಲಿ ಅದು ಸಮಿತಿಯ ಮರ್ಜಿ.

ಪ್ರ: ಹಾಗಾದರೆ ದೊಡ್ಡ ಕಾನ್ಫರೆನ್ಸ್‌ಗಳು ಈ ಪಂದ್ಯವನ್ನು ಕೈಬಿಡುವುದಿಲ್ಲವೇಕೆ? (ಓದುಗರು, ಬೆಂಗಳೂರು)

ಉ: ಹುಟ್ಟಿದ್ದೇ ಆದಾಯಕ್ಕಾಗಿ. ಹನ್ನೆರಡು ತಂಡಗಳಿದ್ದು ಎರಡು ವಿಭಾಗ ಮಾಡಿಕೊಂಡರೆ ಒಂದು ಹೆಚ್ಚುವರಿ ಪಂದ್ಯ ಆಡಬಹುದೆಂಬ ನಿಯಮ ಹಿಡಿದು ಎಸ್‌ಇಸಿ 1992ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಫೈನಲ್ ನಡೆಸಿತು. ಅಲಬಾಮಾ 28, ಫ್ಲಾರಿಡಾ 21. ಆಮೇಲೆ ಉಳಿದವರೂ ಅದೇ ಹಾದಿ ಹಿಡಿದರು. ಟಿವಿ ಒಪ್ಪಂದ, ತುಂಬಿದ ಕ್ರೀಡಾಂಗಣ, ಪ್ರಾಯೋಜಕರು, ಇವನ್ನೆಲ್ಲ ಯಾರೂ ಸುಮ್ಮನೆ ಬಿಡುವುದಿಲ್ಲ. ಫೈನಲ್ ಇಲ್ಲದ್ದರ ಬಿಸಿ ಬಿಗ್ 12ಕ್ಕೆ 2014ರಲ್ಲೇ ತಟ್ಟಿತ್ತು. ಮೂರನೇ ರ‍್ಯಾಂಕಿನ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ಕೊನೆಯ ಪಂದ್ಯವನ್ನು 55-3ರಿಂದ ಗೆದ್ದರೂ ಆರಕ್ಕೆ ಇಳಿಯಿತು, ಬಿಗ್ ಟೆನ್ ಫೈನಲನ್ನು 59-0ಯಿಂದ ಗೆದ್ದ ಓಹಾಯೊ ಸ್ಟೇಟ್ ಒಳಹೋಯಿತು. 2017ರಲ್ಲಿ ಬಿಗ್ 12 ಮತ್ತೆ ಫೈನಲ್ ಶುರುಮಾಡಿತು.

ಪ್ಲೇಆಫ್ ಕಡೆಯಿಂದಲೂ ದುಡ್ಡಿದೆ. 2024, 2025ರ ಲೆಕ್ಕದಲ್ಲಿ ತಂಡವೊಂದು ಒಳಹೋದರೆ ಅದರ ಕಾನ್ಫರೆನ್ಸ್‌ಗೆ 40 ಲಕ್ಷ ಡಾಲರ್, ಕ್ವಾರ್ಟರ್‌ಫೈನಲ್‌ಗೆ ಇನ್ನೊಂದು 40 ಲಕ್ಷ. ಬೈ ಪಡೆದವರಿಗೆ ಎರಡೂ ಸೇರಿ 80 ಲಕ್ಷ. ಪ್ಲೇಆಫ್ 24 ತಂಡಗಳಿಗೆ ಹಿಗ್ಗಿದರೆ ವಾರಗಳನ್ನು ಹೊಂದಿಸಲು ಈ ಫೈನಲ್‌ಗಳನ್ನೇ ತೆಗೆಯಬೇಕಾದೀತು ಎಂಬ ಮಾತು ಜೋರಾಗಿದೆ. ಹಾಗಾದರೆ ಸಣ್ಣ ಕಾನ್ಫರೆನ್ಸ್‌ಗಳದ್ದನ್ನಾದರೂ ಉಳಿಸಬೇಕು. ಟುಲೇನ್‌ನಂಥ ತಂಡಕ್ಕೆ ದೇಶವೆಲ್ಲ ನೋಡುವ ದಿನ ಅದೊಂದೇ.

ಪ್ರ: ಭಾರತದಲ್ಲಿ ಈ ಪಂದ್ಯಗಳು ಎಷ್ಟು ಹೊತ್ತಿಗೆ? (ಓದುಗರು, ಹುಬ್ಬಳ್ಳಿ)

ಉ: ಡಿಸೆಂಬರ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕೆ ಹತ್ತೂವರೆ ಗಂಟೆ ಸೇರಿಸಿ. ಅಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಬಿಗ್ 12 ಫೈನಲ್ ಇದ್ದರೆ ನಮಗೆ ರಾತ್ರಿ 10.30. ಎಸ್‌ಇಸಿ ಅಲ್ಲಿ ಸಂಜೆ 4ಕ್ಕೆ, ನಮಗೆ ನಸುಕಿನ 2.30. ಬಿಗ್ ಟೆನ್ ಮತ್ತು ಎಸಿಸಿ ಅಲ್ಲಿ ರಾತ್ರಿ 8ಕ್ಕೆ, ನಮಗೆ ಭಾನುವಾರ ಬೆಳಿಗ್ಗೆ 6.30. ಒಂದನ್ನೇ ನೋಡಲು ಸಾಧ್ಯವಾದರೆ, ಮಂಗಳವಾರದ ಪಟ್ಟಿ ತೆಗೆದು ಯಾವ ಫೈನಲ್‌ನಲ್ಲಿ ಎಂಟರಿಂದ ಹದಿನೇಳರ ನಡುವಿನ ತಂಡವಿದೆಯೋ ಅದನ್ನು ಆರಿಸಿಕೊಳ್ಳಿ. ಹನ್ನೆರಡು ತಂಡಗಳ ಅಂತಿಮ ಪಟ್ಟಿ ಭಾನುವಾರ ಅಲ್ಲಿಯ ಮಧ್ಯಾಹ್ನ, ಅಂದರೆ ನಮ್ಮ ರಾತ್ರಿ 10.30ರಿಂದ ಹೊರಬೀಳುತ್ತದೆ.