ಅಮ್ಮನಿಗೆ ಬಂದ ಅಂಡಾಶಯದ ಕ್ಯಾನ್ಸರ್ ನನಗೂ ಬರುತ್ತಾ?

ಪ್ರಶ್ನೆ: ನನಗೆ 36, ಇಬ್ಬರು ಮಕ್ಕಳು, ಮದ್ದೂರಿನ ಹತ್ತಿರದ ಊರು. ಅಮ್ಮನಿಗೆ 52ನೇ ವಯಸ್ಸಿಗೆ ಅಂಡಾಶಯದ ಕ್ಯಾನ್ಸರ್ ಬಂತು, ಬೆಂಗಳೂರಿನಲ್ಲಿ ಈಗಲೂ ತೋರಿಸುತ್ತಿದ್ದೇವೆ. ದೊಡ್ಡಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಂಡ್ಯದಲ್ಲಿ ವರ್ಷಕ್ಕೊಂದು ಸಲ ಸಿಎ-125 ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿಕೊಂಡರೆ ಸಾಕಾ?

ಉತ್ತರ: ಸಾಲದು. ಬ್ರಿಟನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಇದೇ ಪರೀಕ್ಷೆಗಳನ್ನು ವರ್ಷಗಟ್ಟಲೆ ಮಾಡಿ ನೋಡಿದರು, ಸಾವು ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ಗೊತ್ತಾಯಿತು. ಅವರು ಮುಟ್ಟು ನಿಂತ ಸಾಮಾನ್ಯ ಹೆಂಗಸರು, ನಿಜ. ಆದರೆ ನಿಮ್ಮಂಥ ಮನೆತನದವರಲ್ಲೂ ಇದರಿಂದ ಜೀವ ಉಳಿಯುತ್ತದೆ ಅಂತ ಸಾಬೀತಾಗಿಲ್ಲ.

ಸಿಎ-125 ಅಂದರೆ ಅಂಡಾಶಯದ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್. ಆದರೆ ಇದು ಸ್ವಲ್ಪ ತುಂಟ ಪರೀಕ್ಷೆ. ಮುಟ್ಟಿನ ಸಮಯದಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೆ, ಹೊಟ್ಟೆಯ ಟಿಬಿ ಇದ್ದರೂ ಏರುತ್ತದೆ. ಒಬ್ಬರು ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು, ಮೂರು ದಿನ ಊಟ ಬಿಟ್ಟು ಮೈಸೂರಿಗೆ ಬಂದಿದ್ದರು. 35ರ ಒಳಗಿರಬೇಕಾದದ್ದು 58 ಇತ್ತು. ಕೊನೆಗೆ ನೋಡಿದರೆ ಚಾಕಲೇಟ್ ಸಿಸ್ಟ್, ಅಂದರೆ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಗುಳ್ಳೆ, ಕ್ಯಾನ್ಸರ್ ಅಲ್ಲ! ಇನ್ನೊಂದು ಕಡೆ, ಶುರುವಿನ ಹಂತದ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಇದು ನಾರ್ಮಲ್ಲೇ ಬರುತ್ತದೆ. ಸುಮ್ನೆ ಧೈರ್ಯ ತಂದುಕೊಳ್ಳುವುದಕ್ಕೂ ಆಗಲ್ಲ, ಅಲ್ವಾ?

ಆ ದುಡ್ಡಲ್ಲಿ ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಿ. ಬಿಆರ್‌ಸಿಎ-1, ಬಿಆರ್‌ಸಿಎ-2 ಅಂತ ಎರಡು ಜೀನ್‌ಗಳಿವೆ, ಇವುಗಳಲ್ಲಿ ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚು, ದೋಷ ಮಕ್ಕಳಿಗೂ ದಾಟಬಹುದು. ಮೊದಲು ನಿಮಗಲ್ಲ, ಅಮ್ಮನಿಗೆ. ಕಾಯಿಲೆ ಬಂದವರಲ್ಲೇ ದೋಷ ಸಿಗುವ ಸಾಧ್ಯತೆ ಜಾಸ್ತಿ. ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಆಯಿತು, ಆ ದೋಷ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣ ತಮ್ಮಂದಿರಿದ್ದರೆ ಅವರಿಗೂ ಅಷ್ಟೇ, ಅವರ ಹೆಣ್ಣುಮಕ್ಕಳಿಗೂ ದಾಟಬಹುದು. ಗಂಡಸರಿಗೇನು ಅಂತ ಬಿಡಬೇಡಿ.

ಬಿಆರ್‌ಸಿಎ-1 ದೋಷ ಇರುವವರಲ್ಲಿ 100ಕ್ಕೆ ಸುಮಾರು 40 ಮಂದಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುತ್ತದೆ, ಬಿಆರ್‌ಸಿಎ-2ರಲ್ಲಿ ಇನ್ನೂ ಕಡಿಮೆ. ಅಂಥವರಿಗೆ ಮಕ್ಕಳಾದ ಮೇಲೆ, ಬಿಆರ್‌ಸಿಎ-1 ಆದರೆ 35ರಿಂದ 40ರೊಳಗೆ, ಅಂಡಾಶಯ ಮತ್ತು ಅದರಿಂದ ಗರ್ಭಕೋಶಕ್ಕೆ ಹೋಗುವ ಅಂಡನಾಳ ಎರಡನ್ನೂ ತೆಗೆಸಿ ಅನ್ನುತ್ತೇವೆ. ಮುಟ್ಟು ಬೇಗ ನಿಲ್ಲುತ್ತದೆ, ಮೈ ಬಿಸಿಯೇರುವುದು, ಮೂಳೆ ಸವೆತ ಎಲ್ಲ ಇದೆ, ಸಣ್ಣ ನಿರ್ಧಾರವಲ್ಲ. ಆದರೆ ಅಪಾಯ ಹೆಚ್ಚು ತಗ್ಗುವುದು ಇದರಿಂದಲೇ. ನಿಮ್ಮ ಪರೀಕ್ಷೆಯಲ್ಲಿ ಅಮ್ಮನ ದೋಷ ಇಲ್ಲ ಅಂತ ಬಂದರೆ, ನಿಮ್ಮ ಅಪಾಯ ಉಳಿದ ಹೆಂಗಸರಷ್ಟೇ.

ಅಲ್ಲಿಯವರೆಗೆ, ಹೊಟ್ಟೆ ಉಬ್ಬರ, ಅರ್ಧ ಮುದ್ದೆಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ, ಇವು ಎರಡು ಮೂರು ವಾರ ಬಿಡದೆ ಇದ್ದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡು ಕೂರಬೇಡಿ. ಮುಂದಿನ ಸಲ ಅಮ್ಮನ ಚೆಕಪ್‌ಗೆ ನೀವೂ ಹೋಗಿ, ಅವರ ಬಯಾಪ್ಸಿ ರಿಪೋರ್ಟ್ ತಗೊಂಡು, ಜೀನ್ ಪರೀಕ್ಷೆ ಬಗ್ಗೆ ಅಲ್ಲೇ ಕೇಳಿ.