2015ರ ಮ್ಯಾಕ್‌ಬುಕ್ ಪ್ರೊ: ಟ್ರ್ಯಾಕ್‌ಪ್ಯಾಡ್ ಒತ್ತಲು ಬರುತ್ತಿಲ್ಲ

ಸೆಕೆಂಡ್ ಹ್ಯಾಂಡಾಗಿ ಕೊಂಡ 2015ರ ಮ್ಯಾಕ್‌ಬುಕ್ ಪ್ರೊ (ಆಪಲ್ ಲ್ಯಾಪ್‌ಟಾಪ್) ಟ್ರ್ಯಾಕ್‌ಪ್ಯಾಡ್, ಅಂದರೆ ಬೆರಳಾಡಿಸೋ ಪಟ್ಟಿ, ಒತ್ತಲು ಬರ್ತಿಲ್ಲ, ಬಳ್ಳಾರಿಯ ಅಂಗಡಿಯವರು ರಿಪೇರಿಗೆ ದುಡ್ಡು ಕೇಳ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಟ್ರ್ಯಾಕ್‌ಪ್ಯಾಡ್ ಕೆಟ್ಟಂತಿಲ್ಲ, ಒಳಗಿನ ಬ್ಯಾಟರಿ ಉಬ್ಬಿ ಅದನ್ನು ಕೆಳಗಿನಿಂದ ತಳ್ಳುತ್ತಿರಬೇಕು. ಮೇಜಿನ ಮೇಲಿಟ್ಟರೆ ತಳ ಅಲುಗಾಡುತ್ತೆ, ಮುಚ್ಚಳ ಸರಿಯಾಗಿ ಕೂರಲ್ಲ ಅಂದಿದ್ದೀರಲ್ಲ, ಅದೇ ಗುರುತು. ಬಿಚ್ಚದೆ ಖಚಿತವಾಗಿ ಹೇಳೋಕೆ ಆಗಲ್ಲ, ಆದರೆ ಉಬ್ಬಿದೆ ಅಂತಲೇ ತಿಳಿದು ನಡೆಯಿರಿ.

ಈಗಲೇ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಬಳ್ಳಾರಿ ಬಿಸಿಲಲ್ಲಿ ಕಾರೊಳಗೆ ಬಿಟ್ಟು ಹೋಗೋದಂತೂ ಬೇಡವೇ ಬೇಡ.

ಸೆಪ್ಟೆಂಬರ್ 2015ರಿಂದ ಫೆಬ್ರವರಿ 2017ರ ನಡುವೆ ಹೆಚ್ಚಾಗಿ ಮಾರಾಟವಾದ 15 ಇಂಚಿನ ರೆಟಿನಾ (ಮಿಡ್ 2015) ಮಾಡೆಲ್‌ಗೆ ಆಪಲ್ 2019ರ ಜೂನ್‌ನಲ್ಲಿ ಉಚಿತ ಬ್ಯಾಟರಿ ಬದಲಾವಣೆ ಘೋಷಿಸಿತು. ತಳದಲ್ಲಿ ಎ1398 (A1398) ಅನ್ನೋ ಮಾಡೆಲ್ ನಂಬರ್ ಇದ್ದರೆ ಸಾಲದು, ಹಳೆಯ ವರ್ಷದವಕ್ಕೂ ಅದೇ ನಂಬರ್. ಅಲ್ಲೇ ಸಣ್ಣ ಅಕ್ಷರದಲ್ಲಿರೋ ಸೀರಿಯಲ್ ನಂಬರನ್ನು ಮೊಬೈಲಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿ, ಆಪಲ್ ವೆಬ್‌ಸೈಟಿನಲ್ಲಿ ಈ ಬ್ಯಾಟರಿ ಬದಲಾವಣೆಗೆಂದೇ ಇರೋ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಅಂತ ಚಿಂತೆ ಬೇಡ, ತೀರ್ಮಾನ ಆಗೋದು ಸೀರಿಯಲ್ ನಂಬರಿನ ಮೇಲೆ.

ನಿಮ್ಮದೂ ಅದಕ್ಕೆ ಸೇರಿದ್ದರೆ ಆಪಲ್ ಸಪೋರ್ಟ್‌ಗೆ ಫೋನ್ ಮಾಡಿ, ಅಧಿಕೃತ ಸರ್ವಿಸ್ ಸೆಂಟರಲ್ಲಿ ಸಮಯ ಗೊತ್ತು ಮಾಡಿಕೊಂಡೇ ಊರು ಬಿಡಿ. ಬ್ಯಾಟರಿ ಉಬ್ಬಿದೆ ಅಂತ ಮೊದಲೇ ಹೇಳಿ. ಕೊರಿಯರ್ ಮಾಡಬೇಡಿ, ವಿಮಾನದಲ್ಲೂ ಒಯ್ಯಬೇಡಿ. ಪರದೆ ಒಡೆದಂಥ ಬೇರೆ ಹಾನಿ ಬ್ಯಾಟರಿ ಬದಲಿಸೋಕೆ ಅಡ್ಡ ಬಂದರೆ ಅದನ್ನು ಮೊದಲು ಸರಿಪಡಿಸಬೇಕು, ಅದರ ಖರ್ಚು ನಿಮ್ಮ ಮೇಲೆ ಬರಬಹುದು.

ದುಡ್ಡು ಕೇಳಿದ ಅಂಗಡಿಯವರ ಕೈಗೆ ಕೊಡಬೇಡಿ. ಇದರ ಬ್ಯಾಟರಿಯನ್ನು ಒಳಗೆ ಅಂಟಿಸಿರ್ತಾರೆ, ಸ್ಕ್ರೂಡ್ರೈವರ್ ಹಾಕಿ ಮೀಟಿ ತೂತಾದರೆ ಬೆಂಕಿಯೇ.